ನೆರೀನಾ ಮತ್ತು ಶುಕ್ರವಾರದ ಖಾನೆ

ನೆರೀನಾ ತೊಸದೋರಿಯ ಬಗ್ಗೆ ಒಳ್ಳೆಯ ಮಾತಾಡಬೇಕೆಂದರೆ ನನಗೆ ಈಗಲೂ ಸ್ವಲ್ಪ ಕಷ್ಟವೇ. ಮೂವತ್ತೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದೆವು. ಅದರಲ್ಲಿ ಇಪ್ಪತ್ತು ವರ್ಷವಾದರೂ ಜಗಳಕ್ಕೇ ಹೋಗಿದೆ. ನಾನು ಸರಕು ರವಾನೆಯವನು, ಲಾರಿ ಹೊರಟರೆ ಸಾಕು ಅನ್ನುವವನು. ಅವಳು ಕಂಪ್ಯೂಟರ್ ಕೋಣೆಯವಳು, ಲಾರಿಯಲ್ಲಿ ಏನಿದೆ ಎಂದು ಯಂತ್ರಕ್ಕೆ ಹೇಳದೆ ಗೇಟು ತೆಗೆಯಕೂಡದು ಅನ್ನುವವಳು. ಇಂಥ ಇಬ್ಬರ ನಡುವೆ ಸ್ನೇಹ ಹುಟ್ಟುವುದು ಹೇಗೆ?

ಹತ್ತೊಂಬತ್ತನೇ ವಯಸ್ಸಿಗೆ ಅಂಕಿ ಅಕ್ಷರ ಒತ್ತುವ ಹುಡುಗಿಯಾಗಿ ಸೇರಿದವಳು ಅವಳು. ವೆರೋನಾದ ದಕ್ಷಿಣಕ್ಕೆ, ಭತ್ತದ ಗದ್ದೆಗಳ ನಡುವೆ ನಮ್ಮ ನ್ಯೋಕ್ಕಿ ಕಾರ್ಖಾನೆ ಇದೆ. ಆಲೂಗಡ್ಡೆ ಬೇಯಿಸಿ, ಹಿಟ್ಟು ಕಲಸಿ, ಬೆರಳ ಗಾತ್ರದ ಉಂಡೆ ಕತ್ತರಿಸಿ, ಪೊಟ್ಟಣ ಕಟ್ಟಿ ಕಳಿಸುವುದು ಕೆಲಸ. ಆಗ ಬಂದ ಕಂಪ್ಯೂಟರ್ ಒಂದು ಬೀರುವಿನಷ್ಟಿತ್ತು. ಆಮೇಲೆ ನಾಲ್ಕು ಸಲ ಹೊಸ ಯಂತ್ರ ಬಂತು, ಪ್ರತಿ ಸಲವೂ ಚಿಕ್ಕದಾಯಿತು. ಒಳಗಿನ ಪ್ರೋಗ್ರಾಂಗಳು ಮಾತ್ರ ಹಳೆಯವೇ. ಮನೆ ಬದಲಿಸಿದಾಗಲೆಲ್ಲ ಅಜ್ಜಿಯ ಟ್ರಂಕು ಜೊತೆಗೆ ಬರುವ ಹಾಗೆ ಬಂದವು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಅವುಗಳಲ್ಲಿ ಅರ್ಧಕ್ಕರ್ಧ ಅವಳೇ ಬರೆದದ್ದು. ಗೋದಾಮಿನ ನಮ್ಮವರು ಯಂತ್ರಕ್ಕೂ ಅವಳಿಗೂ ಸೇರಿಸಿ 'ಮುದುಕಿ' ಎಂದು ಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು ಅಂತ ನನ್ನ ಅನುಮಾನ.

ಅವಳು ಪಟ್ಟಿಗಳನ್ನು ನಂಬುತ್ತಿರಲಿಲ್ಲ. ಬದುಕಿಡೀ ಪಟ್ಟಿಗಳನ್ನೇ ಮಾಡಿದವಳಿಗೆ ಇದೆಂಥ ರೋಗವೋ. ಒಂದು ವರ್ಷ ದಾಸ್ತಾನು ಎಣಿಸುವಾಗ ಹಿಟ್ಟಿನ ಹನ್ನೊಂದು ಅಟ್ಟಿ ಇದೆ ಎಂದು ಕಂಪ್ಯೂಟರ್ ಹೇಳಿತು, ಹನ್ನೊಂದು ಇದೆ ಎಂದು ನಾನೂ ಹೇಳಿದೆ. ಅವಳು ಕೋಟು ಹಾಕಿಕೊಂಡು ಗೋದಾಮಿಗೆ ಬಂದು, ಮುಂದಿನ ಅಟ್ಟಿಗಳನ್ನೆಲ್ಲ ಸರಿಸಲು ಹೇಳಿ, ಹಿಂದಿನದನ್ನು ಕೈಯಿಂದ ಮುಟ್ಟಿ ನೋಡಿದಳು. ಹತ್ತೇ ಇದ್ದವು. ಆ ದಿನ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು.

ಈಗ ಹೇಳಹೊರಟಿರುವುದು ಅವಳು ನಿವೃತ್ತಿಯಾಗುವ ವರ್ಷದ ಮಾತು. ಜೂನ್‌ಗೆ ಅವಳ ಕೊನೆಯ ದಿನ ಗೊತ್ತಾಗಿತ್ತು. ಅದಕ್ಕೆ ಮೊದಲು, ಫೆಬ್ರವರಿಯಲ್ಲಿ, ಕಾರ್ನಿವಾಲ್‌ನ ಕೊನೆಯ ಶುಕ್ರವಾರ ಬಂತು. ನಮ್ಮ ಕಡೆ ಆ ದಿನ ನ್ಯೋಕ್ಕಿ ತಿನ್ನದ ಮನೆಯಿಲ್ಲ. ಊರಲ್ಲಿ ಮೆರವಣಿಗೆ, ಶಾಲೆಗಳಲ್ಲಿ ಮಕ್ಕಳು ವೇಷ ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ. ಮೂರು ಜಿಲ್ಲೆಗಳ ಮುನ್ನೂರು ಶಾಲಾ ಅಡುಗೆಮನೆಗಳಿಗೆ ನಾವೇ ಕಳಿಸುವುದು. ಹಾಲು ಒಗ್ಗದ ಮಕ್ಕಳಿಗೆಂದು ತಯಾರಿಕೆಯ ಬೇರೆ ಪಟ್ಟೆಯಲ್ಲಿ, ಬೇರೆ ಪೊಟ್ಟಣದಲ್ಲಿ, ಹಾಲಿನ ಸೋಂಕಿಲ್ಲದ್ದನ್ನು ಮಾಡುತ್ತೇವೆ.

ನನ್ನ ಪಾಪವನ್ನು ಇಲ್ಲೇ ಹೇಳಿಬಿಡುತ್ತೇನೆ. ಮೆರವಣಿಗೆಯಲ್ಲಿ ಕಾರ್ಖಾನೆಯದೂ ಒಂದು ಗಾಡಿ ಇರುತ್ತದೆ, ಅದನ್ನು ಸಿಂಗರಿಸುವ ತಂಡಕ್ಕೆ ನಾನೇ ಮುಖ್ಯಸ್ಥ. ಬುಧವಾರ ಧ್ವನಿವರ್ಧಕ ಪರೀಕ್ಷಿಸಲು ಒಳ್ಳೆಯ ಬ್ಯಾಟರಿ ಬೇಕಾಯಿತು. ಕಂಪ್ಯೂಟರ್ ಕೋಣೆಯಲ್ಲಿ ಯಂತ್ರಕ್ಕೆ ಆಸರೆಯಾಗಿ ಒಂದು ಬ್ಯಾಟರಿ ಪೆಟ್ಟಿಗೆ ಇತ್ತು. ಕರೆಂಟ್ ಹೋದರೆ ಯಂತ್ರ ನಿಲ್ಲದಿರಲೆಂದು ಇಟ್ಟದ್ದು. ನೆರೀನಾ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಳು. ಎರಡು ಗಂಟೆಯ ಮಾತು ತಾನೆ ಎಂದು ಕಳಚಿ ಒಯ್ದೆ. ಮೂರು ಹತ್ತಕ್ಕೆ ಇಡೀ ಕಾರ್ಖಾನೆಯ ಕರೆಂಟ್ ಹೋಯಿತು. ನಾಲ್ಕೇ ನಿಮಿಷ. ಯಂತ್ರ ಧೊಪ್ಪೆಂದು ನಿಂತು, ಆಮೇಲೆ ತಾನೇ ಎದ್ದಿತು. ನಾನು ಪೆಟ್ಟಿಗೆಯನ್ನು ಓಡಿ ತಂದು ಅದರ ಜಾಗದಲ್ಲಿ ಇಟ್ಟೆ. ಮಾರನೇ ದಿನ, ಯಂತ್ರ ಯಾಕೆ ಮತ್ತೆ ಶುರುವಾಗಿದೆ ಎಂದು ನೆರೀನಾ ಕೇಳಿದಾಗ ಮೀರ್ಕೋ ಏನೋ ಮಾಡಿರಬೇಕು ಎಂದೆ. ಮೀರ್ಕೋ ಎಂದರೆ ಪಾದೋವಾದಿಂದ ವಾರಕ್ಕೊಮ್ಮೆ ಬರುವ ಸಾಫ್ಟ್‌ವೇರ್ ಸಲಹೆಗಾರ. ಇಲ್ಲದವನ ಮೇಲೆ ಹೊರಿಸುವುದು ಸುಲಭ.

ಶುಕ್ರವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಫೋಸ್ಕಾ ರವಾನೆ ಕಚೇರಿಗೆ ಬಂದಳು. ಫೋಸ್ಕಾ ಯಜಮಾನರ ಮಗಳು, ಪರೀಕ್ಷೆಯ ಲ್ಯಾಬು ಅವಳ ಕೈಯಲ್ಲಿದೆ. ಮುಖದಲ್ಲಿ ರಕ್ತವಿರಲಿಲ್ಲ. "ಬುಧವಾರ ಮಧ್ಯಾಹ್ನದ ಲಾಟ್‌ನಲ್ಲಿ ಹಾಲಿದೆ, ಗಿಲ್ದೋ," ಎಂದಳು. "ನಾನ್ನೂರ ನಲವತ್ತೇಳನೇ ನಂಬರ್. ಹಾಲಿಲ್ಲ ಅಂತ ಬರೆದಿರೋ ಪೊಟ್ಟಣಗಳಲ್ಲಿ." ಕರೆಂಟ್ ಬಂದ ಮೇಲೆ ಅವಸರದಲ್ಲಿ ಯಾರೋ ಪಕ್ಕದ ಪಟ್ಟೆಯ ಹಿಟ್ಟಿನ ತೊಟ್ಟಿಯನ್ನು ಇಲ್ಲಿ ಸುರಿದಿದ್ದರು. ಅದರಲ್ಲಿ ಹಾಲಿನ ಪುಡಿ ಇತ್ತು.

ಅಂಥ ಮಗುವಿಗೆ ಎರಡು ತುತ್ತು ಸಾಕು, ಗಂಟಲು ಕಟ್ಟಿಬಿಡುತ್ತದೆ. ಶಾಲೆಗಳಲ್ಲಿ ಊಟ ಹನ್ನೆರಡೂವರೆಗೆ. ನಮ್ಮ ಕೈಯಲ್ಲಿದ್ದದ್ದು ನಾಲ್ಕು ಗಂಟೆ. ಆ ಲಾಟ್ ಯಾವ ಯಾವ ಅಡುಗೆಮನೆಗೆ ಹೋಗಿದೆ ಎಂದು ತಿಳಿದರೆ ಫೋನ್ ಮಾಡಿ ನಿಲ್ಲಿಸಬಹುದು. ನಾನು ಮೀರ್ಕೋ ಮಾಡಿಕೊಟ್ಟ ಹೊಸ ಬಣ್ಣದ ಪರದೆ ತೆಗೆದು ಲಾಟ್ ನಂಬರ್ ಒತ್ತಿದೆ. ರವಾನೆಯ ಫೈಲ್ ಇಲ್ಲ ಎಂದಿತು. ಮತ್ತೆ ಒತ್ತಿದೆ. ಅಂಥ ಫೈಲೇ ಇಲ್ಲ.

ಕಾಗದದ ಪ್ರತಿಗಳನ್ನು ಎರಡು ವರ್ಷದ ಹಿಂದೆ ನಿಲ್ಲಿಸಿದ್ದೆವು. ಡ್ರೈವರ್‌ಗಳಿಗೆ ಫೋನ್ ಮಾಡಿದೆ. ಯಾವ ಲಾಟ್ ಎಲ್ಲಿ ಇಳಿಸಿದೆವು ಎಂದು ಅವರಿಗೇನು ಗೊತ್ತು, ಹಾಲಿಲ್ಲದ ಪೊಟ್ಟಣಗಳೆಲ್ಲ ನೋಡಲು ಒಂದೇ ಥರ. ಫೋಸ್ಕಾ ಆರೋಗ್ಯ ಇಲಾಖೆಗೆ ತಿಳಿಸಿದಳು, ಅವರು ಪಟ್ಟಿ ಕೊಡಿ ಎಂದರು. ಮುನ್ನೂರು ವಿಳಾಸಕ್ಕೂ ಮಿಂಚಂಚೆ ಹೋಯಿತು. ಒಲೆಯ ಮುಂದೆ ನಿಂತ ಅಡುಗೆಯವಳು ಮಿಂಚಂಚೆ ನೋಡುತ್ತಾಳೆಯೇ? ಕಚೇರಿಯ ಇಬ್ಬರು ಹುಡುಗಿಯರು ಅಕಾರಾದಿಯಾಗಿ ಫೋನ್ ಮಾಡತೊಡಗಿದರು. ಅರ್ಧ ಗಂಟೆಯಲ್ಲಿ ಹನ್ನೆರಡು ಶಾಲೆ ಆಗಿತ್ತು. ಆ ಲೆಕ್ಕದಲ್ಲಿ ಮುನ್ನೂರು ಮುಗಿಯುವ ಹೊತ್ತಿಗೆ ರಾತ್ರಿಯಾಗುತ್ತಿತ್ತು.

ನೆರೀನಾ ಅಷ್ಟರಲ್ಲಿ ತನ್ನ ಕೋಣೆಯಲ್ಲಿ ಕೂತಾಗಿತ್ತು. ಊದಿದ ಕೆನ್ನೆಗೆ ಮಫ್ಲರ್ ಸುತ್ತಿಕೊಂಡಿದ್ದಳು. ಮೇಜಿನ ಮೇಲಿನ ಸ್ಪೀಕರ್ ಫೋನಿನಲ್ಲಿ ಮೀರ್ಕೋನ ದನಿ ಗಟ್ಟಿಯಾಗಿ ಕೇಳಿಸುತ್ತಿತ್ತು. ಯಂತ್ರದ ಕ್ಯಾಟಲಾಗ್ ಕೆಟ್ಟಿದೆ ಎಂದು ಅವನ ತೀರ್ಮಾನ. ಯಾವ ಫೈಲು ಎಲ್ಲಿದೆ, ಯಾವುದು ಯಾವುದಕ್ಕೆ ಸೇರಿದೆ ಎಂದು ಯಂತ್ರ ತನಗೆ ತಾನೇ ಬರೆದಿಟ್ಟುಕೊಳ್ಳುವ ದೊಡ್ಡ ಪಟ್ಟಿ ಅದು. ಅವನ ಹೊಸ ಪರದೆ ಮೊದಲು ಆ ಪಟ್ಟಿಯನ್ನು ಕೇಳುತ್ತದೆ, ಪಟ್ಟಿ ಇಲ್ಲವೆಂದರೆ ತಾನೂ ಇಲ್ಲವೆನ್ನುತ್ತದೆ.

"ಎಲ್ಲರನ್ನೂ ಹೊರಗೆ ಹಾಕಿ, ಸಿನ್ಯೋರಾ," ಅಂದ ಮೀರ್ಕೋ. "ಯಂತ್ರ ಒಂಟಿಯಾಗಿ ಕೂತು ಕ್ಯಾಟಲಾಗ್ ಮತ್ತೆ ಕಟ್ಕೊಳ್ಳಲಿ. ನಲವತ್ತು ನಿಮಿಷದ ಕೆಲಸ."

"ಯಾವೂರ ನಲವತ್ತು ನಿಮಿಷ?" ಅಂದಳು ನೆರೀನಾ. "ಇದ್ರಲ್ಲಿ ನಲವತ್ತು ವರ್ಷದ ಸಾಮಾನು ತುಂಬಿದೆ. ಒಂದು ಸಲ ಬಾಗಿಲು ಹಾಕ್ಕೊಂಡು ಕೂತ್ರೆ ಮಧ್ಯ ಎಬ್ಬಿಸೋ ಹಾಗಿಲ್ಲ. ಎರಡು ಗಂಟೆ ಆಗ್ಬಹುದು, ನಾಲ್ಕೂ ಆಗ್ಬಹುದು. ಆಮೇಲೆ ಆ ಮಕ್ಕಳಿಗೆ ನೀನು ಉತ್ತರ ಹೇಳ್ತೀಯಾ?"

"ಹಾಗಾದ್ರೆ ನಿಮ್ಮ ಹತ್ರ ಬೇರೆ ದಾರಿ ಇದೆಯಾ?"

ಇಲ್ಲ ಎಂದು ಅವಳು ಒಪ್ಪಿಕೊಂಡಳು. ಫೈಲು ಇರಬೇಕಾದ ಜಾಗದಲ್ಲಿ ಅವಳಾಗಲೇ ನೋಡಿದ್ದಳು, ಅಲ್ಲಿರಲಿಲ್ಲ. ಅದೇ ಹೆಸರಿನ ಫೈಲು ಯಂತ್ರದೊಳಗೆ ಒಂಬತ್ತು ಕಡೆ ಇತ್ತು. ಒಂದೊಂದು ವರ್ಷದ್ದನ್ನೂ ಅವಳು ಜೋಪಾನ ಮಾಡಿಟ್ಟಿದ್ದಳು. ಯಾವುದು ಈ ವರ್ಷದ್ದು, ಅದು ಪೂರ್ತಿ ಇದೆಯೇ ಹಾಳಾಗಿದೆಯೇ, ಏನೂ ತಿಳಿಯುತ್ತಿರಲಿಲ್ಲ. ಫೋಸ್ಕಾ ಬಾಗಿಲಲ್ಲಿ ನಿಂತು ಇಬ್ಬರ ಮಾತೂ ಕೇಳುತ್ತಿದ್ದಳು. ಮೀರ್ಕೋನ ಮಾತು ಸರಿಯೆನಿಸಿದರೆ ಅವಳು ಹೂಂ ಅನ್ನುತ್ತಾಳೆ, ಯಂತ್ರ ಬಾಗಿಲು ಹಾಕಿಕೊಳ್ಳುತ್ತದೆ. ಗಂಟೆ ಒಂಬತ್ತೂ ಕಾಲು.

ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯನಲ್ಲ ಅನ್ನಿಸಿತು. "ನೆರೀನಾ, ಬುಧವಾರ ಬ್ಯಾಟರಿ ಇರ್ಲಿಲ್ಲ," ಎಂದೆ. "ನಾನು ಗಾಡಿಗೆ ತಗೊಂಡು ಹೋಗಿದ್ದೆ. ಯಂತ್ರ ನಿಂತುಹೋಗಿತ್ತು. ನಿನ್ನೆ ನಿನಗೆ ಸುಳ್ಳು ಹೇಳಿದೆ."

ಫೋಸ್ಕಾ ನನ್ನನ್ನು ನೋಡಿದ ರೀತಿ ಹೇಳುವುದೇ ಬೇಡ. ನೆರೀನಾ ತಿರುಗಿಯೂ ನೋಡಲಿಲ್ಲ. "ಎಷ್ಟೊತ್ತಿಗೆ?" ಎಂದಳು.

"ಮೂರು ಹತ್ತು."

ಅವಳು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಪ್ರತಿ ವರ್ಷ ಹಬ್ಬದ ವಾರದ ಬುಧವಾರ ಮೂರು ಗಂಟೆಗೆ ಯಂತ್ರ ತಾನಾಗಿ ರವಾನೆಯ ಫೈಲನ್ನು ಹಳೆಯ ವರ್ಷದ ಜಾಗದಿಂದ ಹೊಸ ಜಾಗಕ್ಕೆ ಸರಿಸುತ್ತದೆ. ಅದನ್ನು ಏರ್ಪಾಡು ಮಾಡಿದವಳು ಅವಳೇ. "ಸರಿಸ್ತಾ ಇದ್ದಾಗ ಬಿದ್ದಿದೆ," ಎಂದಳು ಮೆಲ್ಲಗೆ. "ಫೈಲು ಹೊಸ ಮನೆಗೆ ಹೋಗಿ ಸೇರಿದೆ, ವಿಳಾಸ ಬರೆಯೋಕೆ ಮುಂಚೆ ಪಟ್ಟಿ ಬರೆಯೋನು ಸತ್ತಿದ್ದಾನೆ. ಫೈಲು ಚೆನ್ನಾಗೇ ಇದೆ. ಪಟ್ಟಿ ಮಾತ್ರ ಸುಳ್ಳು ಹೇಳ್ತಿದೆ." ಆಮೇಲೆ ನನ್ನ ಕಡೆಗೆ ಒಂದು ಮಾತು ಎಸೆದಳು: "ನಿನಗೆ ಆಮೇಲೆ ಬೈತೀನಿ, ಮರೆಯಲ್ಲ. ಈಗ ಕೂತ್ಕೊಂಡು ನಾನು ಹೇಳಿದ್ದು ಬರ್ಕೋ."

ಮೀರ್ಕೋ ಒಪ್ಪಲಿಲ್ಲ. ಅದು ಬರೀ ಊಹೆ, ಊಹೆಯ ಮೇಲೆ ಹೊತ್ತು ಕಳೆಯಬೇಡಿ ಎಂದು ಫೋಸ್ಕಾಳನ್ನೇ ಕೇಳಿಕೊಂಡ. ಅವನದೂ ತಪ್ಪಲ್ಲ, ಅವನೂ ಹೆದರಿದ್ದ. ಫೋಸ್ಕಾ ಗೋಡೆಯ ಗಡಿಯಾರ ನೋಡಿ, ಹತ್ತು ಗಂಟೆಯ ತನಕ ನೆರೀನಾಗೆ, ಆಮೇಲೆ ಮೀರ್ಕೋಗೆ ಎಂದಳು.

ನೆರೀನಾ ಕ್ಯಾಟಲಾಗ್ ಕಡೆ ತಲೆಹಾಕಲೇ ಇಲ್ಲ. ಒಂಬತ್ತು ಜಾಗಕ್ಕೂ ಒಂದೊಂದಾಗಿ ಹೋಗಿ, ಅಲ್ಲಿರುವ ಫೈಲನ್ನೇ ನೇರವಾಗಿ ತೆರೆದು, ಕೊನೆಯ ಸಲ ಯಾವಾಗ ಬರೆಯಲಾಗಿದೆ ಎಂದು ನೋಡತೊಡಗಿದಳು. ಮೂರು ವರ್ಷ ಹಳೆಯದು. ಐದು ವರ್ಷ ಹಳೆಯದು. ಒಂದು ತೆರೆಯಲೇ ಇಲ್ಲ, ಅದಕ್ಕೆ ಆರು ನಿಮಿಷ ಹಾಳಾಯಿತು. ಹಲ್ಲು ನೋವಿಗೋ ಸಿಟ್ಟಿಗೋ ಒಂದೇ ಸಮ ಮುಲುಗುತ್ತಿದ್ದಳು. ಏಳನೆಯದರಲ್ಲಿ ನಿನ್ನೆಯ ತಾರೀಖು ಇತ್ತು. ಹಳೆಯ ಕಾಲದ ಪ್ರಶ್ನೆ ಹಾಕುವ ಸಲಕರಣೆಯೊಂದನ್ನು, ಮೀರ್ಕೋ ತೆಗೆದುಹಾಕಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದುದನ್ನು, ಆ ಫೈಲಿನ ಮೇಲೆ ಓಡಿಸಿ ಲಾಟ್ ನಂಬರ್ ಕೊಟ್ಟಳು. ಹಸಿರು ಸಾಲುಗಳು ಇಳಿದವು. ಹದಿನಾಲ್ಕು ಅಡುಗೆಮನೆ. ಒಂಬತ್ತು ಐವತ್ತೆರಡು.

ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಉಸಿರುಬಿಟ್ಟೆವು. ಮೀರ್ಕೋ ಕೂಡ ಫೋನಿನಲ್ಲಿ ಭೇಷ್ ಸಿನ್ಯೋರಾ ಎಂದ. ನಾಲ್ಕು ಫೋನುಗಳಲ್ಲಿ ಹದಿನಾಲ್ಕು ಶಾಲೆ ಹಂಚಿಕೊಂಡು ಹತ್ತೂವರೆಗೆಲ್ಲ ಮುಗಿಸಿದೆವು. ಒಬ್ಬ ಅಡುಗೆಯವಳು ನನಗೆ ಫೋನಿನಲ್ಲೇ ಮುತ್ತು ಕೊಟ್ಟಳು. ನಾನು ನಕ್ಕೆ, ನಾಚಿಕೆಗೆಟ್ಟವನು.

ನಗದೆ ಇದ್ದವಳು ನೆರೀನಾ ಒಬ್ಬಳೇ. ಬರೆದುಕೊಂಡ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತಿದ್ದಳು. ಆ ಲಾಟ್‌ನಲ್ಲಿ ಎಷ್ಟು ಪೊಟ್ಟಣ ಆಗಿತ್ತು ಎಂದು ಫೋಸ್ಕಾಳನ್ನು ಕೇಳಿದಳು. ನಾನ್ನೂರ ಹದಿನೆಂಟು. ಗೋದಾಮಿನಲ್ಲಿ ಉಳಿದದ್ದು? ನಲವತ್ತು. ಹದಿನಾಲ್ಕು ಶಾಲೆಗೆ ಹೋದದ್ದು ತೊಂಬತ್ತಾರು. "ಇನ್ನೂ ಇನ್ನೂರ ಎಂಬತ್ತೆರಡು ಎಲ್ಲಿ, ಗಿಲ್ದೋ?" ಎಂದಳು. "ನಿನ್ನೆ ಎಷ್ಟು ಗಾಡಿ ಕಳಿಸಿದೆ?"

ನಾಲ್ಕು ಗಾಡಿ ಕಳಿಸಿದ್ದೆ. ಒಂದೊಂದು ರವಾನೆಯನ್ನೂ ಕ್ಯಾಟಲಾಗ್ ಕೇಳದೆ ನೇರ ಫೈಲಿಗೇ ಬರೆಯುವ ಹಳೆಯ ಹಸಿರು ಪರದೆಯಲ್ಲಿ ನನ್ನ ಕೈಯಾರೆ ಬರೆದಿದ್ದೆ, ಯಂತ್ರ ಸರಿ ಅಂದಿತ್ತು. ಸಿಕ್ಕ ಹದಿನಾಲ್ಕೂ ಬುಧವಾರ ಸಂಜೆ ಹೋದವು, ಈ ಫೈಲಿನಲ್ಲಿ ಗುರುವಾರದ ಒಂದು ಸಾಲೂ ಇರಲಿಲ್ಲ, ಆದರೆ ಕೊನೆಯ ಬರವಣಿಗೆಯ ತಾರೀಖು ಮಾತ್ರ ಗುರುವಾರದ್ದೇ. ಮೀರ್ಕೋ ಈ ಸಲ ಕೂಗಾಡಲಿಲ್ಲ. ಅರ್ಧ ಫೈಲು ಹಾಳಾಗಿರಬೇಕು, ಕ್ಯಾಟಲಾಗ್ ಕಟ್ಟದೆ ಬೇರೆ ಗತಿಯಿಲ್ಲ ಎಂದ. ಫೋಸ್ಕಾ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಹತ್ತೂ ಮುಕ್ಕಾಲು. ಬಾಗಿಲು ಹಾಕಿಕೊಳ್ಳಲು ಹೇಳಿದರೆ ಊಟದ ಹೊತ್ತಿಗೆ ಯಂತ್ರ ಏಳುವುದು ಖಾತ್ರಿಯಿಲ್ಲ, ಹೇಳದಿದ್ದರೆ ಇನ್ನೂರ ಎಂಬತ್ತೆರಡು ಪೊಟ್ಟಣ ಎಲ್ಲಿವೆಯೋ ದೇವರಿಗೇ ಗೊತ್ತು.

ನೆರೀನಾ ಹಣೆ ಚಚ್ಚಿಕೊಂಡಳು. ಸದ್ದು ಕೇಳಿಸುವ ಹಾಗೆ. "ಅಯ್ಯೋ ದಡ್ಡಿ. ಅದನ್ನ ಮಾಡಿದವಳು ನಾನೇ."

ಇಪ್ಪತ್ತೊಂಬತ್ತು ವರ್ಷದ ಹಿಂದೆ, ಹಬ್ಬದ ರವಾನೆಯ ನೂಕುನುಗ್ಗಲಿನಿಂದ ದಿನನಿತ್ಯದ ಕೆಲಸ ನಿಧಾನವಾಗುತ್ತಿದೆ ಎಂದು ನಾನೇ ಅವಳ ತಲೆ ತಿಂದಿದ್ದೆ. ಈ ಯಂತ್ರದಲ್ಲಿ ಒಂದೇ ಫೈಲಿನೊಳಗೆ ಬೇರೆ ಬೇರೆ ಖಾನೆ ಮಾಡಬಹುದು, ಡಬ್ಬದೊಳಗೆ ಮಸಾಲೆಯ ಬಟ್ಟಲುಗಳಿದ್ದ ಹಾಗೆ. ಅವಳು ಹಬ್ಬದ ಶುಕ್ರವಾರಕ್ಕೆಂದೇ ಒಂದು ಖಾನೆ ಮಾಡಿ, ಗುರುವಾರದ ರವಾನೆಯೆಲ್ಲ ತಾನಾಗಿ ಅದರೊಳಗೆ ಬೀಳುವಂತೆ ಬರೆದು, ಮರೆತುಬಿಟ್ಟಿದ್ದಳು. ಚೆನ್ನಾಗಿ ನಡೆಯುವ ಕೆಲಸವನ್ನು ಯಾರು ನೆನಪಿಡುತ್ತಾರೆ? ಆ ಹಳೆಯ ಸಲಕರಣೆಯೋ, ಇಂಥ ಖಾನೆ ಎಂದು ಬಿಡಿಸಿ ಹೇಳದಿದ್ದರೆ ಮೊದಲ ಖಾನೆಯನ್ನಷ್ಟೇ ನೋಡುತ್ತದೆ. ಅವಳು ಫೈಲನ್ನೇ ಕೇಳಿದಳು, ನಿನ್ನೊಳಗೆ ಎಷ್ಟು ಖಾನೆ ಎಂದು. ಎರಡು ಎಂದಿತು.

ಎರಡನೆಯದರಲ್ಲಿ ಮೂವತ್ತೇಳು ಅಡುಗೆಮನೆ, ಇನ್ನೂರ ಎಂಬತ್ತೆರಡು ಪೊಟ್ಟಣ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಆಮೇಲಿನ ಒಂದು ಗಂಟೆ ನನಗೆ ಸರಿಯಾಗಿ ನೆನಪಿಲ್ಲ. ಫೋನ್ ಎತ್ತುವುದು, ಹೆಸರು ಹೇಳುವುದು, ಅಡುಗೆಮನೆಗೆ ಕೊಡಿ ಅನ್ನುವುದು, ಗೆರೆ ಹೊಡೆಯುವುದು. ಹನ್ನೊಂದು ಐವತ್ತಕ್ಕೆ ಮೂವತ್ತಾರಕ್ಕೆ ಗೆರೆ ಬಿದ್ದಿತ್ತು. ಉಳಿದದ್ದು ಹದಿನೇಳು ಕಿಲೋಮೀಟರ್ ದೂರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ಅಲ್ಲಿಗೆ ಹೋದದ್ದು ಒಂದೇ ಪೊಟ್ಟಣ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಆ ಊರಿನ ಪೊಲೀಸಿನವನು ಸಿಕ್ಕಿದ. ಮೆರವಣಿಗೆಯ ಗಾಡಿಗಳಿಗೆ ದಾರಿ ಬಿಡಿಸುತ್ತಿದ್ದೇನೆ, ನೋಡೋಣ, ಹೋಗುತ್ತೇನೆ ಎಂದ. ಆ 'ನೋಡೋಣ' ನೆರೀನಾಗೆ ಹಿಡಿಸಲಿಲ್ಲ. ಕೋಟಿಗೆ ಕೈ ಹಾಕುತ್ತಾ ನನಗೆ ವ್ಯಾನ್ ತೆಗಿ ಎಂದಳು.

ಕಾಲುವೆಯ ಪಕ್ಕದ ರಸ್ತೆ ಸಪೂರ. ಅರ್ಧ ದಾರಿಯಲ್ಲಿ ಯಾವುದೋ ಊರಿನ ಹಬ್ಬದ ಗಾಡಿ, ಕಾಗದದ ದೊಡ್ಡ ಮೀನು ಹೊತ್ತು, ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿತ್ತು. ಮೇಲೆ ನಿಂತವರು ನನ್ನ ಹಾರನ್ನಿಗೆ ತಾಳ ಹಾಕಿ ಕುಣಿದರು. ನನಗೆ ಅಳು ಬಂತು. ನೆರೀನಾ ವ್ಯಾನಿನಿಂದಿಳಿದು, ಓಡಿಹೋಗಿ ಟ್ರ್ಯಾಕ್ಟರ್ ನಡೆಸುವವನಿಗೆ ಅದೇನು ಹೇಳಿದಳೋ, ಅವನು ಮೀನಿನ ಸಮೇತ ಗದ್ದೆಗಿಳಿದ.

ಶಾಲೆ ಸೇರಿದಾಗ ಹನ್ನೆರಡು ಇಪ್ಪತ್ತು. ಊಟದ ಹಾಲ್‌ನಲ್ಲಿ ಹಾಡು, ಕಿರುಚಾಟ, ಕಡಲುಗಳ್ಳರು, ಇಲಿಗಳು, ರಾಣಿಯರು. ಫೋನ್ ಯಾರಿಗೂ ಕೇಳಿಸದೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಹತ್ತು ನಿಮಿಷವಿದೆ ಎಂದು ನಾನು ಅಂದುಕೊಂಡೆ. ಇರಲಿಲ್ಲ. ಶಾಲೆಗಳಲ್ಲಿ ಪಥ್ಯದ ಮಕ್ಕಳಿಗೆ ಮೊದಲು ಬಡಿಸುತ್ತಾರೆ, ಬೇರೆಯವರ ತಟ್ಟೆಯೊಡನೆ ಬೆರಕೆಯಾಗದಿರಲೆಂದು. ಮೂಲೆಯ ಮೇಜಿನಲ್ಲಿ ಜೇನುಹುಳದ ವೇಷದ ಒಂದು ಹುಡುಗಿ, ಏಳು ವರ್ಷವಿರಬಹುದು, ಒಬ್ಬಳೇ ತಟ್ಟೆಯ ಮುಂದಿದ್ದಳು. ಮುಳ್ಳುಚಮಚದಲ್ಲಿ ಒಂದು ನ್ಯೋಕ್ಕಿ ಚುಚ್ಚಿ ಬಾಯಿಯ ಹತ್ತಿರ ಹಿಡಿದಿದ್ದಳು.

ನೆರೀನಾ ಅಷ್ಟು ದೂರವನ್ನು ಹೇಗೆ ದಾಟಿದಳೋ ನಾನು ನೋಡಲಿಲ್ಲ. ಚಮಚವನ್ನೂ ತಟ್ಟೆಯನ್ನೂ ಕಿತ್ತುಕೊಂಡು ಎದೆಗೆ ಅವಚಿಕೊಂಡಿದ್ದಳು, ಸಾಸ್ ಕೋಟಿನ ಮೇಲೆ ಹರಿಯುತ್ತಿತ್ತು. "ತಿಂದ್ಯಾ? ಒಂದಾದ್ರೂ ತಿಂದ್ಯಾ, ಪುಟ್ಟಿ?"

"ಇಲ್ಲ. ಬಿಸಿ ಇತ್ತು, ಊದ್ತಿದ್ದೆ," ಅಂದಳು ಹುಡುಗಿ. ಆಮೇಲೆ ಅವಳಿಗೆ ತಟ್ಟೆ ಹೋದದ್ದು ಅರಿವಾಯಿತು. "ಅದು ನಂದು. ಕೊಡಿ."

ನಾನು ಅಡುಗೆಯವಳಿಗೆ ವಿಷಯ ಹೇಳಿದೆ, ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ತೆಕ್ಲಾ ಎಂದು ಅವಳ ಹೆಸರು. ನಿನ್ನ ಜೀವ ಉಳಿಯಿತು ಎಂದರೆ ಏಳು ವರ್ಷದವಳಿಗೆ ಏನು ತಿಳಿಯಬೇಕು? ಅವಳಿಗೆ ತಿಳಿದದ್ದು ಒಂದೇ. ವರ್ಷವಿಡೀ ಎಲ್ಲರೂ ಒಂದು ತಿಂದರೆ ಅವಳು ಇನ್ನೊಂದು ತಿನ್ನಬೇಕು. "ಇವತ್ತು ಒಂದಿನ ಮಾತ್ರ ನಂಗೂ ಅವರದೇ ಥರದ್ದು ಇರುತ್ತೆ," ಎಂದು ಬಿಕ್ಕುತ್ತಾ ಹೇಳಿದಳು. ಅಷ್ಟರಲ್ಲಿ ಉಳಿದವರ ತಟ್ಟೆಗಳು ಬಂದವು, ಹಾಲ್ ತುಂಬ ಹಬೆಯಾಡುವ ನ್ಯೋಕ್ಕಿ, ಅವಳ ಮುಂದೆ ಖಾಲಿ ಮೇಜು. ಆ ಒಂದೇ ಒಂದು ಪೊಟ್ಟಣವನ್ನು ಗುರುವಾರ ನಾನೇ ಬರೆದು ಕಳಿಸಿದ್ದೆ. ಬ್ಯಾಟರಿ ಕಳಚಿದ ಕೈಯೂ ಅದೇ. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು.

ನೆರೀನಾ ಅಡುಗೆಯವಳನ್ನು ಆಲೂಗಡ್ಡೆ ಇದೆಯೇ ಎಂದು ಕೇಳಿದಳು. ಇತ್ತು. ಹೊಸ ಹಿಟ್ಟಿನ ಪೊಟ್ಟಣ ಒಡೆಸಿ, ಅದರ ಮೇಲಿನ ಬರಹವನ್ನು ಎರಡೆರಡು ಸಲ ಓದಿದಳು. ಪಾತ್ರೆಗಳನ್ನು ತಾನೇ ಮತ್ತೆ ತೊಳೆದಳು. ನಾಲ್ಕು ದಶಕ ನ್ಯೋಕ್ಕಿ ಕಾರ್ಖಾನೆಯಲ್ಲಿದ್ದವಳಿಗೆ ಕೈಯಲ್ಲಿ ಮಾಡಲು ಬರುತ್ತಿರಲಿಲ್ಲ; ಅಡುಗೆಯವಳು ತೋರಿಸಿಕೊಟ್ಟಳು. ಒಂದು ದಪ್ಪ, ಒಂದು ಸಣ್ಣ. ಎಲ್ಲ ಆಗುವಾಗ ಒಂದೂ ಕಾಲಾಗಿತ್ತು. ಬೇರೆ ಮಕ್ಕಳು ಅಂಗಳದಲ್ಲಿ ಕುಣಿಯುತ್ತಿದ್ದರು. ತೆಕ್ಲಾ ಒಬ್ಬಳೇ ಕೂತು, ಅನುಮಾನದಿಂದ ಊದಿ ಊದಿ, ತಟ್ಟೆ ಪೂರ್ತಿ ತಿಂದಳು. ನೆರೀನಾ ಎದುರಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು, ಒಂದೊಂದು ತುತ್ತು ಒಳಗೆ ಹೋಗುವುದನ್ನೂ ನೋಡುತ್ತಾ ಕೂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಹುಡುಗಿ ಬಾಯಿ ಒರೆಸಿಕೊಂಡು, ಬೆನ್ನಿನ ರೆಕ್ಕೆ ಸರಿಮಾಡಿಕೊಂಡು ಎದ್ದಳು. ಇನ್ನೂ ಸಿಟ್ಟು ಇಳಿದಿರಲಿಲ್ಲ. "ಮುಂದಿನ ವರ್ಷ ನೀವು ಬರ್ಬೇಡಿ," ಎಂದಳು.

"ಬರೋಲ್ಲಮ್ಮ," ಎಂದಳು ನೆರೀನಾ. "ಹೋಗು, ಆಟ ಆಡ್ಕೋ."